ಶಾಲೆಯ ಅಂಗಳದಲ್ಲಿ ಯುದ್ಧಕ್ಕೆ ಹೋದವರ ಹೆಸರಿನ ಕಲ್ಲು: ಯಾರನ್ನು ಸೇರಿಸಬೇಕು, ಯಾವ ಕ್ರಮದಲ್ಲಿ?

ಪ್ರಶ್ನೆ: ನಿವೃತ್ತ ಅಂಚೆ ನೌಕರ, ಹುಕ್ಕೇರಿ ತಾಲೂಕು

ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಯಾರಾದರೂ ತಮ್ಮೂರಿನ ಶಾಲೆಯಲ್ಲಿ ಇಂಥ ಕೆಲಸ ಮಾಡಿಸಿದ್ದರೆ ದಯವಿಟ್ಟು ದಾರಿ ಹೇಳಿ.

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಕನ್ನಡ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಶತಮಾನೋತ್ಸವ ಸಮಿತಿಯವರು ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಅಂಚೆ ಕಚೇರಿಯಲ್ಲಿ ತಲೆ ಹಣ್ಣಾದವನು, ಊರಿನ ಎಲ್ಲ ಮನೆಗಳ ಒಳಹೊರಗು ಬಲ್ಲವನು ಎಂಬುದು ಅವರ ಲೆಕ್ಕ. ಸಮಿತಿ ಮೂರು ಕೆಲಸ ಎತ್ತಿಕೊಂಡಿತು: ಶಾಲೆಯ ಮುಂದೊಂದು ಕಮಾನು, ಒಳಗೊಂದು ಸ್ಮಾರ್ಟ್ ಕ್ಲಾಸ್, ಅಂಗಳದಲ್ಲಿ ಇಲ್ಲಿ ಕಲಿತು ಸೈನ್ಯ ಸೇರಿ ಯುದ್ಧಕ್ಕೆ ಹೋದವರ ಹೆಸರು ಕೆತ್ತಿದ ಕಲ್ಲು. ಮೊದಲೆರಡಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಕಲ್ಲಿನ ವಿಷಯ ಬಂದ ಸಭೆಯಲ್ಲಿ ಮಾತ್ರ ಚಹಾ ಕುಡಿಯುವುದನ್ನೂ ಮರೆತು ಜಗಳವಾಡುತ್ತೇವೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ವಿಜಯಪುರದ ಸೈನಿಕ ಶಾಲೆಯೂ ಅಲ್ಲ, ಬೆಳಗಾವಿಯ ಮಿಲಿಟರಿ ಶಾಲೆಯೂ ಅಲ್ಲ. ಅಂಥ ಕಡೆ ಓದಿ ಅಧಿಕಾರಿಗಳಾದವರ ವಿವರ ಅಚ್ಚುಕಟ್ಟಾಗಿ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ನಮ್ಮಲ್ಲಿಂದ ಹೋದವರು ಮುಲ್ಕಿ (ಏಳನೆಯ ತರಗತಿಯ ಪರೀಕ್ಷೆ) ಮುಗಿಸಿಯೋ ಮುಗಿಸದೆಯೋ ಬೆಳಗಾವಿಗೆ ನಡೆದು ಹೋಗಿ ಭರ್ತಿಯ ಸಾಲಿನಲ್ಲಿ ನಿಂತವರು. ಸಿಪಾಯಿಗಳಾದರು, ಲಾರಿ ಓಡಿಸಿದರು, ಅಡುಗೆ ಮಾಡಿದರು, ಹೇಸರಗತ್ತೆಗಳ ಹಗ್ಗ ಹಿಡಿದು ಗುಡ್ಡ ಹತ್ತಿದರು. ತಿರುಗಿ ಬಂದವರು ಹೊಲ ಮಾಡಿದರು, ಇಲ್ಲವೇ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕುಳಿತರು. ಊರಿನಲ್ಲಿ ಅವರಿಗೆ ಇದ್ದ ಬಿರುದು ಒಂದೇ, ‘ಮಿಲಿಟ್ರಿಯವನು’.

ಮನೆಮನೆ ತಿರುಗಿ ಐವತ್ತಕ್ಕೂ ಹೆಚ್ಚು ಹೆಸರು ಕೂಡಿಸಿದ್ದೇನೆ. ತೀರ ಹಳಬರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದವರು. ಆಮೇಲೆ 1961ರ ಗೋವಾ, 1962, 1965, 1971, ಶ್ರೀಲಂಕಾ, ಕಾರ್ಗಿಲ್. ಗೋವಾದ್ದು ಎರಡು ದಿನದ ಕೆಲಸ, ಅದನ್ನೇನು ಯುದ್ಧವೆನ್ನುವುದು ಎಂದು ಸಮಿತಿಯ ಒಬ್ಬರು ನಕ್ಕರು. ಆ ಡಿಸೆಂಬರಿನಲ್ಲಿ ಬೆಳಗಾವಿ ತುಂಬ ದಂಡು ಬೀಡುಬಿಟ್ಟಿದ್ದನ್ನು, ಸಾಂಬ್ರಾದಿಂದ ಹಂಟರ್ ವಿಮಾನಗಳು ಏಳುತ್ತಿದ್ದುದನ್ನು ಕಣ್ಣಾರೆ ಕಂಡ ಹಿರಿಯರು ಅದೇ ಸಭೆಯಲ್ಲಿ ಕುಳಿತಿದ್ದರು. ಅವರು ನಗಲಿಲ್ಲ.

ಈಗ ತಕರಾರುಗಳು. ಹುತಾತ್ಮರ ಹೆಸರು ಮಾತ್ರ ಸಾಕು ಎನ್ನುತ್ತದೆ ಒಂದು ಗುಂಪು. ಹಾಗೆ ಮಾಡಿದರೆ ಕಲ್ಲಿನ ಮೇಲೆ ಉಳಿಯುವುದು ಎರಡೇ ಹೆಸರು. ಅದರಲ್ಲೂ ಒಬ್ಬರು ಸಿಆರ್‌ಪಿಎಫ್‌ನವರು. ಅದು ಸೈನ್ಯವಲ್ಲ, ಅವರನ್ನು ಬಿಡಿ ಎಂದು ಇನ್ನೊಬ್ಬರು. ಆ ಹುಡುಗನ ತಾಯಿ ಶಾಲೆಯಲ್ಲಿಯೇ ಬಿಸಿಯೂಟ ಮಾಡುತ್ತಾರೆ. ಈ ಮಾತನ್ನು ಅವರೆದುರು ಯಾರು ಹೇಳುತ್ತೀರಿ ಎಂದು ಕೇಳಿದರೆ ಎಲ್ಲರೂ ಸೂರು ನೋಡುತ್ತಾರೆ.

ಬರ್ಮಾಕ್ಕೆ ಹೋದವರ ಹೆಸರು ಬೇಡ, ಅವರು ಬ್ರಿಟಿಷರ ಸಂಬಳ ತಿಂದವರು ಎಂಬುದು ಕಾಲೇಜಿನ ಹುಡುಗರ ವಾದ. ಇದರ ಬಗ್ಗೆ ಒಂದು ಮಾತು. ನಮ್ಮ ಶಾಲೆಯ ಹಳೆಯ ಜನರಲ್ ರಜಿಸ್ಟರ್ ಇನ್ನೂ ಇದೆ. ಕೆಂಪು ಬಟ್ಟೆಯ ಹೊದಿಕೆ, ಮೂಲೆಗಳನ್ನು ಗೆದ್ದಲು ತಿಂದಿದೆ, ಒಳಗಿನ ಮಸಿ ಮಾತ್ರ ಹೊಸದರಂತಿದೆ. ಕೊನೆಯ ಅಂಕಣ ‘ಶಾಲೆ ಬಿಟ್ಟ ಕಾರಣ’. ‘ಮುಲ್ಕಿ ಪಾಸು’, ‘ಊರು ಬಿಟ್ಟಿದ್ದು’, ‘ಗೈರುಹಾಜರಿ’ ಎಂದು ಸಾಲು ಸಾಲಾಗಿ ಬರೆದಿರುವ ನಡುವೆ 1942ರ ಪುಟದಲ್ಲಿ ಒಬ್ಬನ ಮುಂದೆ ‘ಲಷ್ಕರ ಭರ್ತಿ’ ಎಂದಿದೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಇನ್ನೊಬ್ಬನ ಮುಂದೆ ‘ಗೈರುಹಾಜರಿ’. ಅವನು ಎಲ್ಲಿಗೆ ಗೈರುಹಾಜರಾಗಿದ್ದ ಎಂಬುದು ಊರಿಗೆಲ್ಲ ಗೊತ್ತು: ಚಳವಳಿಗೆ ಸೇರಿ ಹಿಂಡಲಗಾ ಜೈಲಿಗೆ. ಇಬ್ಬರೂ ಒಂದೇ ತರಗತಿ, ಒಂದೇ ಓಣಿ. ಜೈಲಿಗೆ ಹೋದವರ ಹೆಸರು ಪಂಚಾಯಿತಿಯ ಮುಂದಿನ ಕಲ್ಲಿನಲ್ಲಿ ಬಂದಿದೆ, ಬರಬೇಕಾದದ್ದೇ. ಲಷ್ಕರಕ್ಕೆ ಹೋದವನ ಮನೆಯಲ್ಲಿ ಆ ವರ್ಷ ಏನು ಉಣ್ಣುತ್ತಿದ್ದರು ಎಂದು ಕೇಳುವವರು ಇಲ್ಲ.

ಇನ್ನು ಕ್ರಮ. ಸುಬೇದಾರರ ಮಗನಿಗೆ ಹುದ್ದೆಯ ಪ್ರಕಾರ ಬರೆಸಬೇಕಂತೆ, ಅವರ ತಂದೆಯ ಹೆಸರು ಮೊದಲು ಬರಬೇಕಲ್ಲ. ಇನ್ನೊಬ್ಬರು ಅಕಾರಾದಿ ಎನ್ನುತ್ತಾರೆ. ಓಣಿಯ ಪ್ರಕಾರ ಎಂದವರೂ ಇದ್ದಾರೆ. ನಮ್ಮೂರಲ್ಲಿ ಓಣಿಯೆಂದರೆ ಏನು ಎಂಬುದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಅಭಿಪ್ರಾಯ ಬೇರೆ. ಇದು ರೆಜಿಮೆಂಟಿನ ಕಲ್ಲಲ್ಲ, ಶಾಲೆಯ ಕಲ್ಲು. ಈ ಶಾಲೆ ಅವರನ್ನು ಬಲ್ಲದ್ದು ಜನರಲ್ ರಜಿಸ್ಟರಿನ ಒಂದು ಸಂಖ್ಯೆಯಾಗಿ, ಹಲಗೆ ಬಳಪ ಹಿಡಿದು ಬಂದ ಹುಡುಗನಾಗಿ. ಆದ್ದರಿಂದ ರಜಿಸ್ಟರ್ ಸಂಖ್ಯೆಯ ಕ್ರಮದಲ್ಲಿಯೇ ಬರೆಸೋಣ, ಹುದ್ದೆ ಬೇಡ, ಪದಕ ಬೇಡ. ಹೆಸರು, ಶಾಲೆ ಬಿಟ್ಟ ವರ್ಷ, ಹೋದ ಯುದ್ಧ, ಇಷ್ಟು ಸಾಕು. ಇದಕ್ಕೆ ಸಮಿತಿಯಲ್ಲಿ ಇನ್ನೂ ಒಬ್ಬರೂ ಕೈ ಎತ್ತಿಲ್ಲ.

ಹೆಸರಿನ ಹಿಂದೆ ‘ಶ್ರೀ’ ಮತ್ತು ‘ದಿ.’ ಹಾಕಬೇಕೆಂಬ ಒತ್ತಾಯವೂ ಇದೆ. ಇಂದು ‘ಶ್ರೀ’ ಎಂದು ಕೆತ್ತಿಸಿದರೆ ನಾಲ್ಕು ವರ್ಷದ ಮೇಲೆ ಯಾರು ಉಳಿ ಹಿಡಿದು ತಿದ್ದುತ್ತಾರೆ? ಇನ್ನು ದಾನಿಗಳ ಸಮಸ್ಯೆ. ನಮ್ಮ ಕಡೆ ಗುಡಿಗೆ ಒಂದು ಫ್ಯಾನ್ ಕೊಟ್ಟರೂ ಮೂರು ರೆಕ್ಕೆಗೂ ಹೆಸರು ಬರೆಸುವ ಜನ. ಕಲ್ಲಿನ ಕೆಳಗೆ ದಾನಿಗಳ ಪಟ್ಟಿ ಬರಬೇಕೆನ್ನುತ್ತಿದ್ದಾರೆ, ಅದು ಸೈನಿಕರ ಪಟ್ಟಿಗಿಂತ ಉದ್ದವಾಗುವ ಲಕ್ಷಣವಿದೆ.

ಅನುಭವಸ್ಥರು ಹೇಳಿ. ಯಾರು ನಿಜವಾಗಿ ಯುದ್ಧಕ್ಕೆ ಹೋಗಿದ್ದರು ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಯಾವ ಕಲ್ಲು ತಾಳುತ್ತದೆ? ಅನುಮತಿ ಯಾರದು ಬೇಕು?

ಉತ್ತರ: ಮಾಜಿ ಹವಾಲ್ದಾರ, ಮುಧೋಳ ಕಡೆಯವನು

ಪೋಸ್ಟ್ ಮಾಸ್ತರರೇ, ನಿಮ್ಮ ಬರಹ ಓದಿ ಅರ್ಧ ಸಂತೋಷವಾಯಿತು, ಅರ್ಧ ಸಿಟ್ಟು ಬಂದಿತು. ಸಿಟ್ಟಿನದನ್ನು ಮೊದಲು ಹೇಳಿ ಮುಗಿಸುತ್ತೇನೆ. ಹುದ್ದೆ ಬೇಡ ಎನ್ನುವುದು ನಿಮಗೆ ಸುಲಭ. ತೋಳಿನ ಮೇಲೆ ಲ್ಯಾನ್ಸ್ ನಾಯಕನ ಒಂದು ಫೀತಿ ಏರಬೇಕಾದರೆ ಎಷ್ಟು ಬೆವರು ಹರಿಯುತ್ತದೆ, ಎಷ್ಟು ಜನರ ಬೈಗುಳ ತಿನ್ನಬೇಕಾಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಕ್ರಮ ಬೇಕಾದರೆ ನಿಮ್ಮ ರಜಿಸ್ಟರಿನದೇ ಇರಲಿ, ಅದು ನನಗೂ ಮನಸ್ಸಿಗೆ ಬಂದಿತು. ಸುಬೇದಾರರ ಹೆಸರು ಸಿಪಾಯಿಯ ಕೆಳಗೆ ಬಂದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಹೆಸರಿನ ಮುಂದೆ ಹುದ್ದೆ ಇರಲೇಬೇಕು. ಅದು ಗಳಿಸಿದ್ದು, ಯಾರೋ ಕೊಟ್ಟ ಶಾಲು ಹಾರವಲ್ಲ.

ಸತ್ತವರ ಹೆಸರು ಮಾತ್ರ ಸಾಕು ಎನ್ನುವವರಿಗೆ ನನ್ನದೊಂದು ಪ್ರಶ್ನೆ. ನಾನು 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿದ್ದೆ. ನಾವು ಅಲ್ಲಿಗೆ ಹೋದದ್ದು ಶಾಂತಿಪಾಲನೆಗೆಂದು. 1990ರಲ್ಲಿ ಪಡೆ ತಿರುಗಿ ಬರುವಷ್ಟರಲ್ಲಿ ಸುಮಾರು 1,200 ಜನ ತೀರಿಕೊಂಡಿದ್ದರು. ಯಾರೂ ಯುದ್ಧವೆಂದು ಸಾರಿರಲಿಲ್ಲ, ಬಂದಾಗ ಮೆರವಣಿಗೆಯೂ ಇರಲಿಲ್ಲ. ನನ್ನ ಪಕ್ಕದವನಿಗೆ ಗುಂಡು ಬಿದ್ದಿತು, ನನಗೆ ಬೀಳಲಿಲ್ಲ. ಇದರಲ್ಲಿ ನನ್ನ ತಪ್ಪೇನು, ಅವನ ಪುಣ್ಯವೇನು? ಮಡಿದವರ ಹೆಸರಿನ ಮುಂದೆ ಒಂದು ಗುರುತು ಕೆತ್ತಿಸಿ, ಸಾಕು. ಪಟ್ಟಿ ಒಂದೇ ಇರಲಿ.

ಅಡುಗೆಯವರ ಹೆಸರು ಬಿಡಬೇಡಿ. ನಮ್ಮ ಲಂಗರಿನ ಅಡುಗೆಯವನು ಬೀಳಗಿ ಕಡೆಯವನು. ಹೊಗೆ ಕಂಡರೆ ಗುಂಡು ಬರುತ್ತದೆಂದು ನೆಲದಲ್ಲಿ ತಗ್ಗು ತೋಡಿ, ಮೇಲೆ ತಗಡು ಮುಚ್ಚಿ, ಕತ್ತಲು ಹರಿಯುವ ಮೊದಲೇ ಪೂರಿ ಕರಿದು ಮುಗಿಸುತ್ತಿದ್ದ. ಮುಂದಿನ ಚೌಕಿಗೆ ಚಹಾದ ಡಬ್ಬಿ ಹೊತ್ತು ತೆವಳುತ್ತಾ ಬರುತ್ತಿದ್ದ. ಕೈಯಲ್ಲಿ ರೈಫಲ್ ಇಲ್ಲ, ಡಬ್ಬಿಯ ಹಿಡಿಕೆ ಇದೆ, ಅಷ್ಟೇ ವ್ಯತ್ಯಾಸ. ಬಿಸಿ ಚಹಾ ಚೆಲ್ಲಿ ಅವನ ಎಡ ಮುಂಗೈಯ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಅದು ಯುದ್ಧದ ಗಾಯವಲ್ಲ ಎಂದು ನನಗೆ ಯಾರೂ ಹೇಳಬೇಡಿ.

ಖಚಿತಪಡಿಸಿಕೊಳ್ಳುವ ಬಗ್ಗೆ. ಮನೆಯವರ ಬಾಯಿಮಾತು ನಂಬಬೇಡಿ. ಅಜ್ಜ ಮೀರತ್‌ನ ಉಗ್ರಾಣದಲ್ಲಿ ಇದ್ದರೂ ಮೊಮ್ಮಗನ ಬಾಯಲ್ಲಿ ಲಾಹೋರ್ ಗೆದ್ದಿರುತ್ತಾನೆ. ಮೊದಲು ಡಿಸ್ಚಾರ್ಜ್ ಬುಕ್ ಕೇಳಿ. ಅದರಲ್ಲಿ ಆರ್ಮಿ ನಂಬರ್, ಹುದ್ದೆ, ಪಡೆದ ಪದಕಗಳು ಎಲ್ಲ ಇರುತ್ತವೆ. ಅದು ಕಳೆದಿದ್ದರೆ ಪದಕಗಳನ್ನು ತೆಗೆಸಿ ನೋಡಿ, ಟ್ರಂಕಿನ ತಳದಲ್ಲಿ ಇದ್ದೇ ಇರುತ್ತವೆ. ಪದಕದ ಅಂಚನ್ನು ಬೆಳಕಿಗೆ ಹಿಡಿದರೆ ನಂಬರು ಮತ್ತು ಹೆಸರು ಕಾಣಿಸುತ್ತವೆ. ಪದಕ ಯಾವುದು ಎಂಬುದೇ ಅರ್ಧ ಕಥೆ ಹೇಳುತ್ತದೆ. 1965ರಲ್ಲಿ ರಣರಂಗದಲ್ಲಿ ಇದ್ದವರಿಗೆ ಸಮರ ಸೇವಾ ಸ್ಟಾರ್, ಆಗ ಸೇವೆಯಲ್ಲಿದ್ದ ಉಳಿದವರಿಗೂ ರಕ್ಷಾ ಮೆಡಲ್. 1971ರಲ್ಲಿ ಬಾಂಗ್ಲಾ ಕಡೆ ಹೋದವರಿಗೆ ಪೂರ್ವಿ ಸ್ಟಾರ್, ಪಾಕಿಸ್ತಾನದ ಗಡಿಯಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಬಹುತೇಕ ಎಲ್ಲರಿಗೂ. ಕಾರ್ಗಿಲ್‌ನದಕ್ಕೂ ಹೀಗೆಯೇ, ಆಪರೇಷನ್ ವಿಜಯ್ ಸ್ಟಾರ್ ಬೇರೆ, ಆಪರೇಷನ್ ವಿಜಯ್ ಮೆಡಲ್ ಬೇರೆ. ನಿಮ್ಮ ಗೋವಾದ ಹಿರಿಯರ ಹತ್ತಿರ ಜನರಲ್ ಸರ್ವಿಸ್ ಮೆಡಲ್ ಇದ್ದು, ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿಯಲ್ಲಿ ಗೋವಾ 1961 ಎಂದಿದ್ದರೆ ಆ ನಕ್ಕವರಿಗೆ ಅದನ್ನು ತೋರಿಸಿ. ಸರ್ಕಾರವೇ ಪದಕ ಕೊಟ್ಟ ಮೇಲೆ ಯುದ್ಧ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಇವರು ಯಾರು?

ಏನೂ ಸಿಗದಿದ್ದರೆ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಯದು ನಿಮ್ಮ ಬೆಳಗಾವಿಯಲ್ಲಿಯೇ ಇದೆ. ತೋಪಖಾನೆಯದು ನಾಸಿಕ್ ರೋಡ್, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರು. ನೀವು ಬರೆದರೆ ಉತ್ತರ ಬರುವುದು ಕಷ್ಟ. ಮನೆಯವರೇ ಸಹಿ ಮಾಡಿ, ನಂಬರ್ ಹಾಕಿ ಬರೆಯಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಹೋದರೆ ಇನ್ನೂ ಒಳ್ಳೆಯದು. ಹೆಸರು ಹೊಂದಾಣಿಕೆಯಾಗದೆ ತಲೆ ಕೆಡುತ್ತದೆ, ಸಿದ್ಧವಾಗಿರಿ. ಭರ್ತಿಯ ದಿನ ಗುಮಾಸ್ತ ಇಂಗ್ಲಿಷಿನಲ್ಲಿ ಏನು ಬರೆದುಕೊಂಡನೋ ಅದೇ ಜೀವನಪೂರ್ತಿ. ಶಾಲೆಯಲ್ಲಿ ಈರಪ್ಪ, ಸೈನ್ಯದಲ್ಲಿ ವೀರಪ್ಪ. ಅಡ್ಡಹೆಸರು ಬಿಟ್ಟು ಅಪ್ಪನ ಹೆಸರಿಗೇ ನಿಂತುಬಿಟ್ಟವರು ಎಷ್ಟೋ ಜನ. ಕಲ್ಲಿನ ಮೇಲೆ ಶಾಲೆಯ ಹೆಸರನ್ನೇ ಬರೆಸಿ, ಊರಿನವರು ಗುರುತಿಸುವುದು ಅದನ್ನೇ.

ಸಿಆರ್‌ಪಿಎಫ್ ಹುಡುಗನ ಹೆಸರು ಬರಬೇಕು. ದೆಹಲಿಯಲ್ಲಿ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಅವರ ಹೆಸರುಗಳಿಲ್ಲ ನಿಜ, ಅವರಿಗೆ ಪೊಲೀಸ್ ಸ್ಮಾರಕ ಬೇರೆಯೇ ಇದೆ. ಅದು ದೆಹಲಿಯ ಲೆಕ್ಕ. ನಿಮ್ಮ ಶಾಲೆಗೆ ಎರಡು ಅಂಗಳ ಇಲ್ಲವಲ್ಲ.

ಬರ್ಮಾದವರ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಆ ಯುದ್ಧಕ್ಕೆ ಈ ದೇಶದಿಂದ 25 ಲಕ್ಷ ಜನ ಹೋದರು. ಕಾಲೇಜಿನ ಹುಡುಗರ ಮುತ್ತಜ್ಜಂದಿರಲ್ಲಿಯೂ ಒಬ್ಬಿಬ್ಬರು ಇದ್ದಾರು, ವಿಚಾರಿಸಲು ಹೇಳಿ.

ಉತ್ತರ: ಕಲ್ಲಿನ ಕೆಲಸ, ಇಳಕಲ್ಲು

ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ದೊಡ್ಡವರ ಮಾತು.

ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ನೂರು ವರ್ಷಕ್ಕೂ ಜಗ್ಗುವುದಿಲ್ಲ. ಆದರೆ ಅದರಲ್ಲಿ ಕಪ್ಪು, ಬೂದು, ಗುಲಾಬಿ ಚುಕ್ಕೆಗಳ ಕಾಳು ಇದೆ. ಐವತ್ತು ಹೆಸರು ಸಣ್ಣ ಅಕ್ಷರದಲ್ಲಿ ಕೆತ್ತಿದರೆ ಚುಕ್ಕೆಯ ನಡುವೆ ಅಕ್ಷರ ಕಳೆದುಹೋಗುತ್ತದೆ. ನನ್ನ ಅಂಗಡಿಯ ಮಾಲು ಇದೇ ಆದರೂ ಹೇಳುತ್ತೇನೆ, ಹೆಸರಿನ ಫಲಕಕ್ಕೆ ಕಪ್ಪು ಗ್ರಾನೈಟ್ ತೆಗೆದುಕೊಳ್ಳಿ, ಪೀಠಕ್ಕೆ ಮತ್ತು ಸುತ್ತ ಚೌಕಟ್ಟಿಗೆ ನಮ್ಮ ಕೆಂಪು ಕಲ್ಲು ಹಾಕಿ. ಬಾದಾಮಿ, ಗುಳೇದಗುಡ್ಡದ ಮರಳುಗಲ್ಲು ನೋಡಲು ಚೆಂದ, ಕೆತ್ತಲು ಮೃದು. ಬಾದಾಮಿಯ ಮೂರನೆಯ ಗುಹೆಯ ಕೆಲಸ 578ರಿಂದ ನಿಂತಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅದು ಬೆಟ್ಟದ ಹೊಟ್ಟೆಯೊಳಗೆ ನೆರಳಿನಲ್ಲಿ ಇದೆ. ನಿಮ್ಮದು ಶಾಲೆಯ ಅಂಗಳ, ಬಿಸಿಲು, ಮಳೆ, ಮಕ್ಕಳ ಚೆಂಡು. ಮರಳುಗಲ್ಲು ಪದರ ಬಿಟ್ಟರೆ ಮೊದಲು ಹೋಗುವುದು ಅಕ್ಷರ.

ಗೋಡೆಗೆ ತೆಳು ಹಲಗೆಯನ್ನು ಸಿಮೆಂಟಿನಲ್ಲಿ ಅಂಟಿಸಬೇಡಿ. ಒಳಗೆ ನೀರು ಇಳಿದು ಒಂದು ದಿನ ಇಡೀ ಹಲಗೆ ಕಳಚಿ ಬೀಳುತ್ತದೆ, ಕೆಳಗೆ ಮಕ್ಕಳು ಓಡಾಡುತ್ತಿರುತ್ತಾರೆ. ನಾಲ್ಕೈದು ಇಂಚು ದಪ್ಪದ ಒಂದೇ ಕಲ್ಲು ನಿಲ್ಲಿಸಿ, ತಳವನ್ನು ಪೀಠದ ಕುಳಿಯಲ್ಲಿ ಇಳಿಸಿ ಸ್ಟೀಲ್ ಸರಳು ಹಾಕಿಸಿ. ಖರ್ಚು ಹೆಚ್ಚು, ನಿದ್ದೆ ಚೆನ್ನಾಗಿ ಬರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿಸಬೇಡಿ, ಮಧ್ಯಾಹ್ನದ ಬಿಸಿಲಿಗೆ ತುಂಬಿದ ಬಣ್ಣ ಸೀಳುತ್ತದೆ. ಚಿನ್ನದ ಬಣ್ಣ ಕೇಳುವವರು ಬಹಳ. ಎರಡು ಮಳೆಗಾಲ ಕಂಡರೆ ಅದು ಹೋದಂತೆಯೇ. ಬಿಳಿ ಎನಾಮಲ್ ತುಂಬಿಸಿ, ಅಳಿದರೆ ಶಾಲೆಯವರೇ ಮತ್ತೆ ತುಂಬಿಕೊಳ್ಳಬಹುದು.

ಅಕ್ಷರದ ಮೈ ಒಂದು ಇಂಚಿಗಿಂತ ಕಡಿಮೆ ಮಾಡಬೇಡಿ. ಕನ್ನಡಕ್ಕೆ ಕೆಳಗೆ ಒತ್ತು ಇದೆ. ‘ಲಕ್ಷ್ಮಣ’ ಎಂದು ಸಣ್ಣದಾಗಿ ಕೆತ್ತಿದರೆ ‘ಕ್ಷ್ಮ’ ಪೂರ್ತಿ ಒಂದು ತೂತಾಗಿಬಿಡುತ್ತದೆ, ಬಣ್ಣ ತುಂಬಿದ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ, ಅಷ್ಟೇ. ಸಾಲಿನ ನಡುವೆ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ಉತ್ತರ: ಶಾಲಾ ಶಿಕ್ಷಕಿ, ಇಂಡಿ ತಾಲೂಕು

ಅನುಮತಿಯ ಬಗ್ಗೆ ಕೇಳಿದ್ದೀರಿ. ಸರ್ಕಾರಿ ಶಾಲೆಯಾದ್ದರಿಂದ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ. ಹುಕ್ಕೇರಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತದೆ, ಮೇಲಿನ ಪತ್ರ ಬೇಕಾದರೆ ಅಲ್ಲಿನ ಉಪನಿರ್ದೇಶಕರ ಕಚೇರಿಗೆ. ಠರಾವಿನಲ್ಲಿ ಕಲ್ಲಿನ ಜಾಗವನ್ನು ನಕ್ಷೆ ಹಾಕಿ ತೋರಿಸಿ. ನಾಳೆ ಹೊಸ ಕೊಠಡಿ ಮಂಜೂರಾದರೆ ಗುತ್ತಿಗೆದಾರ ಮೊದಲು ಕೀಳುವುದು ದಾಖಲೆಯಿಲ್ಲದ ಕಲ್ಲನ್ನೇ.

2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಊರೂರಿಗೆ ಶಿಲಾಫಲಕಗಳು ಬಂದವಲ್ಲ, ನಾನು ಬಲ್ಲ ಒಂದು ಊರಿನಲ್ಲಿ ಆದದ್ದನ್ನು ಹೇಳುತ್ತೇನೆ. ದಿನ ಹತ್ತಿರ ಬಂದಿತ್ತು, ಕೈಗೆ ಸಿಕ್ಕ ಪಟ್ಟಿಯಿಂದ ಹೆಸರು ಹಾಕಿದರು, ಒಂದು ಮನೆಯ ಹೆಸರು ಬಿಟ್ಟೇಹೋಯಿತು. ಆ ಮನೆಯವರು ಇಂದಿಗೂ ಆ ದಾರಿಯಲ್ಲಿ ನಡೆಯದೆ ಸುತ್ತು ಹಾಕಿ ಹೋಗುತ್ತಾರೆ. ಆದ್ದರಿಂದ ಕೆತ್ತಿಸುವ ಮೊದಲು ಪೂರ್ತಿ ಪಟ್ಟಿಯನ್ನು ಶಾಲೆಯ ಗೋಡೆಗೂ ಪಂಚಾಯಿತಿಯ ಗೋಡೆಗೂ ಅಂಟಿಸಿ, ಒಂದು ಜಾತ್ರೆ ಮುಗಿಯುವವರೆಗೆ ಬಿಡಿ. ಪುಣೆ, ಮುಂಬಯಿ, ಗೋವಾಕ್ಕೆ ದುಡಿಯಲು ಹೋದವರು ಜಾತ್ರೆಗೆ ಬಂದೇ ಬರುತ್ತಾರೆ, ತಪ್ಪಿದ್ದರೆ ಬೆರಳಿಟ್ಟು ತೋರಿಸುತ್ತಾರೆ.

ಇನ್ನೊಂದು. ನೀವು ಬರೆದದ್ದರಲ್ಲಿ ಪೂರ್ತಿ ‘ಹುಡುಗ’, ‘ಅವನು’ ಎಂದೇ ಇದೆ. ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ಓದಲಿಲ್ಲವೇ? ಮಿಲಿಟರಿ ನರ್ಸಿಂಗ್ ಸೇವೆಗೆ ಸೇರಿದ ಹೆಣ್ಣುಮಕ್ಕಳು ನಮ್ಮ ಕಡೆ ಇದ್ದಾರೆ, 1971ರ ಗಾಯಾಳುಗಳನ್ನು ನೋಡಿಕೊಂಡವರೂ ಇರಬಹುದು. ಮದುವೆಯಾಗಿ ಬೇರೆ ಊರಿಗೆ ಹೋಗಿ ಹೆಸರು ಬದಲಾಗಿರುವುದರಿಂದ ಮನೆಮನೆ ತಿರುಗುವಾಗ ಸಿಗುವುದಿಲ್ಲ. ಅವರ ತವರುಮನೆಯಲ್ಲಿ ಕೇಳಬೇಕು. 2019ರಲ್ಲಿ ಮಹಿಳಾ ಮಿಲಿಟರಿ ಪೊಲೀಸ್ ಭರ್ತಿ ನಿಮ್ಮ ಬೆಳಗಾವಿಯಲ್ಲಿಯೇ ನಡೆದಿತ್ತು. ಮುಂದೆ ಈ ಕಲ್ಲಿಗೆ ಹೆಸರು ಸೇರುವಾಗ ‘ವೀರ ಪುತ್ರರು’ ಎಂಬ ತಲೆಬರಹವಿದ್ದರೆ ಆ ಹುಡುಗಿಯರು ಎಲ್ಲಿ ನಿಲ್ಲಬೇಕು?

ಹವಾಲ್ದಾರ ಕಾಕಾ, ಹುದ್ದೆಯ ವಿಷಯದಲ್ಲಿ ನಾನು ಪೋಸ್ಟ್ ಮಾಸ್ತರರ ಪಕ್ಷ. ನಮ್ಮ ಮಕ್ಕಳಿಗೆ ನಾಯಬ್ ಸುಬೇದಾರ ದೊಡ್ಡವರೋ ಹವಾಲ್ದಾರ ದೊಡ್ಡವರೋ ತಿಳಿಯುವುದಿಲ್ಲ. ‘ಈ ವರ್ಷ ನಾಲ್ಕನೆಯ ತರಗತಿಯಲ್ಲಿದ್ದರು’ ಎಂಬುದು ತಕ್ಷಣ ತಿಳಿಯುತ್ತದೆ.

ಉತ್ತರ: ಬಸವನ ಬಾಗೇವಾಡಿ

ಕಲ್ಲಿಗೆ ಸುರಿಯುವ ಹಣದಲ್ಲಿ ಶೌಚಾಲಯ ಕಟ್ಟಿಸಿದರೆ ಮಕ್ಕಳಾದರೂ ನೆನೆಯುತ್ತಾರೆ. ಸೈನಿಕರ ಹೆಸರಲ್ಲೇ ಕಟ್ಟಿಸಿ ಬೇಕಾದರೆ.

ಉತ್ತರ: ಮಾಜಿ ಹವಾಲ್ದಾರ, ಮುಧೋಳ ಕಡೆಯವನು

ಶೌಚಾಲಯ ಕಟ್ಟಿಸುವುದು ಸರ್ಕಾರದ ಕೆಲಸ, ಅದಕ್ಕೆ ನಮ್ಮ ಹೆಸರು ಬೇಡ. ಹಾಗೆಯೇ ಬರೆಸುವುದಾದರೆ ನಿಮ್ಮ ತಂದೆಯವರ ಹೆಸರು ಬರೆಸಿ ನೋಡಿ, ಹೇಗಿರುತ್ತದೆ ಎಂದು.

ಶಿಕ್ಷಕಿಯವರೇ, ನೀವು ಹೇಳಿದ ತವರುಮನೆಯ ಮಾತು ನನಗೆ ಹೊಳೆದಿರಲಿಲ್ಲ, ಚೆನ್ನಾಗಿದೆ. ಹುದ್ದೆಯ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಮುಂದೆ ಸೇರುವವರಿಗೆಂದು ಕಲ್ಲಿನ ಕೆಳಗೆ ಖಾಲಿ ಜಾಗ ಬಿಡಬೇಡಿ. ನಮ್ಮೂರಿನಲ್ಲಿ ಹಾಗೆ ಬಿಟ್ಟಾಗ, ಗಡಿಯಲ್ಲಿ ಮಗನಿದ್ದ ತಾಯಿಯೊಬ್ಬಳು ಆ ಜಾಗ ನೋಡಿ ಎದೆ ಬಡಿದುಕೊಂಡು ಗಲಾಟೆ ಮಾಡಿದಳು, ಯಾರ ದಾರಿ ಕಾಯುತ್ತಿದ್ದೀರಿ ಎಂದು.

ಉತ್ತರ: ನಿವೃತ್ತ ಅಂಚೆ ನೌಕರ, ಹುಕ್ಕೇರಿ ತಾಲೂಕು

ಎಲ್ಲರಿಗೂ ಧನ್ಯವಾದ. ಈ ಉತ್ತರಗಳನ್ನು ಮುದ್ರಿಸಿ ನಿನ್ನೆಯ ಸಭೆಗೆ ಒಯ್ದಿದ್ದೆ. ಆದದ್ದು ಇಷ್ಟು.

ಒಂದೇ ಪಟ್ಟಿ, ಮಡಿದವರಿಗೆ ಹೆಸರಿನ ಮುಂದೆ ಸಣ್ಣ ದೀಪದ ಗುರುತು. ಸಿಆರ್‌ಪಿಎಫ್ ಹುಡುಗನ ಹೆಸರಿಗೆ ಈ ಸಲ ಯಾರೂ ಎದುರಾಡಲಿಲ್ಲ. ಬರ್ಮಾದವರದೂ ಬರುತ್ತದೆ, ಕಾಲೇಜಿನ ಹುಡುಗರಲ್ಲಿ ಒಬ್ಬನ ಮನೆಯ ಟ್ರಂಕಿನಿಂದಲೇ ಆರು ಮೂಲೆಯ ಕಂಚಿನ ಬರ್ಮಾ ಸ್ಟಾರ್ ಹೊರಬಿದ್ದಿದೆ, ಅವನು ಈಗ ಅದರ ಫೋಟೋ ಎಲ್ಲರಿಗೂ ಕಳುಹಿಸುತ್ತಿದ್ದಾನೆ. ತಲೆಬರಹ ‘ಈ ಶಾಲೆಯಲ್ಲಿ ಕಲಿತು ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿದವರು’ ಎಂದು. ಶಿಕ್ಷಕಿಯವರು ಹೇಳಿದ ಮೇಲೆ ಹುಡುಕಿದೆವು, ನರ್ಸಿಂಗ್ ಸೇವೆಯಲ್ಲಿದ್ದ ಒಬ್ಬರು ಸಿಕ್ಕಿದರು, ಈಗ ಸಾಂಗ್ಲಿಯಲ್ಲಿ ಇದ್ದಾರೆ. ರಜಿಸ್ಟರಿನಲ್ಲಿ ಅವರ ಹೆಸರು ಇತ್ತು, ನನ್ನ ಪಟ್ಟಿಯಲ್ಲಿ ಇರಲಿಲ್ಲ.

ರಜಿಸ್ಟರಿನ ಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಹುದ್ದೆಗೆ ಕೈ ಎತ್ತಿಸಿದಾಗ ಸರಿಸಮ ಬಂದಿತು, ಅಧ್ಯಕ್ಷರು ಮುಂದಿನ ಸಭೆಗೆ ದೂಡಿದರು. ಹವಾಲ್ದಾರರೇ, ಸಾಧ್ಯವಾದರೆ ಅಂದು ಬಂದು ನೀವೇ ಮಾತನಾಡಿ, ಸಂಕೇಶ್ವರದವರೆಗೆ ಬಸ್ಸಿಗೆ ಬನ್ನಿ, ಅಲ್ಲಿಂದ ನಾನು ಕರೆದೊಯ್ಯುತ್ತೇನೆ. ನಿಮ್ಮ ವಿರುದ್ಧವೇ ಮಾತನಾಡುತ್ತೇನೆ, ಊಟ ನಮ್ಮ ಮನೆಯಲ್ಲಿ.

ದಾನಿಗಳ ಪಟ್ಟಿಯನ್ನು ಕಮಾನಿನ ಕಂಬಕ್ಕೆ ವರ್ಗಾಯಿಸಿದ್ದೇವೆ. ಅಲ್ಲಿ ಎಷ್ಟು ಬೇಕಾದರೂ ಬರೆಸಿಕೊಳ್ಳಲಿ.

ಇಳಕಲ್ಲಿನವರಿಗೆ ಒಂದು ಪ್ರಶ್ನೆ: ಪಟ್ಟಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೇನೆ, ಹಾಗೆಯೇ ಕಳುಹಿಸಲೇ?

ಉತ್ತರ: ಕಲ್ಲಿನ ಕೆಲಸ, ಇಳಕಲ್ಲು

ನುಡಿಯ ಕಡತವನ್ನು ಹಾಗೆಯೇ ಕಳುಹಿಸಬೇಡಿ. ನಮ್ಮ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಡೀ ಪಟ್ಟಿ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗುತ್ತದೆ. ನಮ್ಮ ಹುಡುಗರು ಅದನ್ನು ತಾವೇ ಮತ್ತೆ ಟೈಪ್ ಮಾಡಲು ಹೋಗಿ ‘ಬಡಿಗೇರ’ರನ್ನು ‘ಬಡಗೇರ’ರನ್ನಾಗಿ ಮಾಡುತ್ತಾರೆ. ಪಿಡಿಎಫ್ ಮಾಡಿ ಕಳುಹಿಸಿ, ಜೊತೆಗೆ ಕೈಬರಹದ ಒಂದು ಪ್ರತಿಯ ಫೋಟೋ ಇರಲಿ. ಕಲ್ಲಿನ ಅಳತೆಗೆ ಕಾಗದದ ಮೇಲೆ ಪೂರ್ತಿ ನಕಲು ತೆಗೆದು ನಿಮಗೆ ಕೊಡುತ್ತೇನೆ, ಪ್ರತಿ ಹೆಸರಿನ ಪಕ್ಕ ಆಯಾ ಮನೆಯವರ ಸಹಿ ಹಾಕಿಸಿಕೊಂಡು ಬನ್ನಿ. ಸಹಿ ಇಲ್ಲದ ಹೆಸರನ್ನು ನಾನು ಕೆತ್ತುವುದಿಲ್ಲ. ಮತ್ತೆ ಹುದ್ದೆಯ ಜಗಳ ಬೇಗ ಮುಗಿಸಿ, ಸಾಲಿನ ಉದ್ದ ಅದರ ಮೇಲಿದೆ, ಕಪ್ಪು ಕಲ್ಲಿಗೆ ಆರ್ಡರ್ ಕೊಡುವ ಮೊದಲು ನನಗೆ ಅಗಲ ಬೇಕು.